ಟಿಪ್ಪಣಿಯ ಅಂಚಿನಲ್ಲಿ ತಿದ್ದಿದವರಿಗೆ

ಜೀವಶಾಸ್ತ್ರ ಒಲಿಂಪಿಯಾಡ್‌ ತಯಾರಿಗೆಂದು ನಾವು ಮಕ್ಕಳಿಗೆ ಹಂಚಿದ ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗದ ಹಾಳೆಯನ್ನು ಪೆನ್ಸಿಲ್‌ನಲ್ಲಿ ತಿದ್ದಿ, ಹೆಸರು ಹಾಕದೆ ವಾಪಸ್ ಕಳಿಸಿದವರೇ, ನಿಮಗೆ ನಮ್ಮೆಲ್ಲರ ನಮಸ್ಕಾರ.

'1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, 60 ಡಿಗ್ರಿ' ಎಂದಷ್ಟೇ ಬರೆದಿದ್ದೆವು (ನಾರ್ಮಲ್ ಅಂದರೆ ದ್ರಾವಣದ ಸಾಂದ್ರತೆಯ ಅಳತೆ). ಎಷ್ಟು ಹೊತ್ತು ಅನ್ನುವುದೇ ಇರಲಿಲ್ಲ. '8 ನಿಮಿಷ, ಬೇರು ಮೆತ್ತಗಾದರೆ ಸಾಕು' ಎಂದು ನೀವು ಸೇರಿಸಿದಿರಿ. ಆಮ್ಲ ಸಡಿಲಿಸುವುದು ಕೋಶಗಳ ನಡುವಿನ ಪೆಕ್ಟಿನ್ ಅಂಟನ್ನು. ಹೊತ್ತು ಸಾಲದಿದ್ದರೆ ಸ್ಲೈಡಿನ ಮೇಲೆ ಎಷ್ಟು ಒತ್ತಿದರೂ ಕೋಶಗಳು ಒಂದರ ಮೇಲೊಂದು ಕೂತೇ ಇರುತ್ತವೆ. ಹೆಚ್ಚಾದರೆ ತುದಿ ಚಿಮಟದಲ್ಲೇ ಕರಗಿದಂತಾಗುತ್ತದೆ.

ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ, ಮೂರು ಪಾಲು ಎಥೆನಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣವನ್ನು ಅಂದಂದೇ ಬೆರೆಸಿ ಎಂದದ್ದೂ ಸರಿ. ಇಟ್ಟಷ್ಟೂ ಅವೆರಡೂ ಸೇರಿ ಎಸ್ಟರ್ ಎಂಬ ಬೇರೆಯೇ ರಾಸಾಯನಿಕ ಆಗುತ್ತಾ ಹೋಗುತ್ತದೆ. ಹಳೇ ಬಾಟಲಿ ನಂಬಿ ಕೆಟ್ಟ ಸ್ಲೈಡುಗಳಿಗೆ ಪಾಪ, ಕೋಶಗಳಿಗೆ ಹಾಕುವ ಬಣ್ಣದ ಮೇಲೆ ದೂರು!

ಎಲ್ಲಕ್ಕಿಂತ ಬೆಲೆಬಾಳುವ ತಿದ್ದುಪಡಿ ಎಣಿಕೆಯದು. 400 ಕೋಶಗಳಲ್ಲಿ 36 ವಿಭಜನೆಯಲ್ಲಿದ್ದರೆ ಸೂಚ್ಯಂಕ (ವಿಭಜನೆಯಲ್ಲಿರುವ ಕೋಶಗಳ ಪಾಲು) ಶೇ. 9. ಆದರೆ ಬೇರಿನ ಉದ್ದ ತುಂಡನ್ನು ಕತ್ತರಿಸಿ, ಉದ್ದುದ್ದ ಬೆಳೆದ ಕೋಶಗಳನ್ನೂ ಎಣಿಸಿದರೆ ಭಾಗಿಸುವ ಒಟ್ಟು ಸಂಖ್ಯೆ ಉಬ್ಬಿ ಅದು ಶೇ. 4ಕ್ಕೂ ಇಳಿದೀತು. ತುದಿಯ 2 ಮಿಲಿಮೀಟರ್ ಮಾತ್ರ ಉಳಿಸಿ, ಚೌಕಾಕಾರದ, ದೊಡ್ಡ ಕೋಶಕೇಂದ್ರದ ಕೋಶಗಳನ್ನಷ್ಟೇ ಎಣಿಸಿ ಎಂಬ ನಿಮ್ಮ ಸಾಲನ್ನು ಈಗ ಹಾಳೆಯ ತಲೆಗೇ ಏರಿಸಿದ್ದೇವೆ. ಕವರ್‌ಸ್ಲಿಪ್ಪನ್ನು (ಸ್ಲೈಡಿನ ಮೇಲಿಡುವ ತೆಳು ಗಾಜು) ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಬೇಕು, ಪಕ್ಕಕ್ಕೆ ಜಾರಿಸಬಾರದು ಎಂಬುದರ ಕೆಳಗೆ ನೀವು ಎಳೆದ ಎರಡು ಗೆರೆಗಳನ್ನೂ ಹಾಗೇ ಬಿಟ್ಟಿದ್ದೇವೆ.