ಸಂಪಾದಕರ ಮಾತು: ಕೇಳುವ ಮೊದಲೇ ನಿಲ್ಲಿಸಿ

ಎಲ್ಲರಿಗೂ ನಮಸ್ಕಾರ.

ಕಳೆದ ಭಾನುವಾರ ಅಮ್ಮನನ್ನು ವಿಮಾನ ಹತ್ತಿಸಿ ಬಂದೆವು. ಆರು ತಿಂಗಳು ನಮ್ಮ ಜೊತೆ ಇದ್ದಳು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅವಳು ಕೂರುತ್ತಿದ್ದ ಜಾಗ ಖಾಲಿ. ಸೊಂಟಕ್ಕೆ ಒತ್ತಿಟ್ಟುಕೊಳ್ಳುತ್ತಿದ್ದ ಪುಟ್ಟ ದಿಂಬು ಮಾತ್ರ ಅಲ್ಲೇ ಉಳಿದಿತ್ತು. ಎಂಟು ವರ್ಷದ ಮಗಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಅಮ್ಮಾ, ಅಜ್ಜಿ ಮನೆಗೆ ಕಾರಲ್ಲೇ ಹೋಗೋಕಾಗಲ್ವಾ? ಎಷ್ಟು ದಿನ ಆದ್ರೂ ಪರವಾಗಿಲ್ಲ."

"ಮಧ್ಯೆ ಸಮುದ್ರ ಇದೆ ಪುಟ್ಟಿ" ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ಆಗಲಿಲ್ಲ. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದೇ ಇರುತ್ತದೆ.

ಈ ಸಂಚಿಕೆ ನಾಳೆ ಬೆಳಗ್ಗೆ ಹೋಗಬೇಕು. ಬೇರೆ ಏನೋ ಬರೆಯಬೇಕು ಅಂತಿದ್ದೆ. ಆದರೆ ಮಕ್ಕಳಿಗೆ ರಜೆ ಶುರುವಾಗುತ್ತಿದೆ. ನಮ್ಮ ಕನ್ನಡ ಕೂಟದ ಎಷ್ಟೋ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕಾರು ತುಂಬ ಜನ ಹತ್ತಿಸಿಕೊಂಡು ದೂರ ಹೊರಡುವ ತಯಾರಿ ನಡೆದಿದೆ. ಅದಕ್ಕೇ ಕಾರಿನ ವಿಷಯವನ್ನೇ ಬರೆಯುತ್ತೇನೆ.

ಅಜ್ಜಿ ಮನೆಗೆ ಕಾರಿನಲ್ಲಿ ಹೋಗುವ ಆಸೆ ಕಾರಿನಷ್ಟೇ ಹಳೆಯದು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣ ಒಬ್ಬ ತಾಯಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದದ್ದು ಅಂತ ನಿಮಗೆ ಗೊತ್ತಾ? 1888ರ ಆಗಸ್ಟ್ ತಿಂಗಳು, ಜರ್ಮನಿ. ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿ ಮಾಡಿದ್ದರು, ಆದರೆ ಅದನ್ನು ನಂಬಿ ಕೊಳ್ಳುವವರು ಕಡಿಮೆ. ಅವರ ಹೆಂಡತಿ ಬೆರ್ತಾ ಗಂಡನಿಗೂ ಹೇಳದೆ 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟಳು. ಸುಮಾರು 100 ಕಿಲೋಮೀಟರ್ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಏರು ಬಂದರೆ ಇಳಿದು ತಳ್ಳಿದರು. ಬ್ರೇಕ್ ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಇಂಜಿನ್ ತಣ್ಣಗಿರಲು ನೀರು ಬೇಕು, ಆ ನೀರು ಆವಿಯಾಗಿ ಹೋಗುತ್ತಿತ್ತು. ಹಾಗಾಗಿ ನೀರು ಸಿಕ್ಕಿದ ಕಡೆಯಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಂಡಳು. ಕತ್ತಲಾಗುವ ಹೊತ್ತಿಗೆ ತವರು ಸೇರಿ ಗಂಡನಿಗೆ ತಂತಿ ಕಳಿಸಿದಳು.

ಆ ನೀರಿನ ಮಾತು ಓದಿದಾಗಿನಿಂದ ನನ್ನನ್ನು ಬಿಟ್ಟಿಲ್ಲ. ಗಾಡಿಗೆ ಬಾಯಾರಿದರೆ ಅವಳು ನಿಲ್ಲಿಸಿದಳು. ನಾನು ನನ್ನ ಅಮ್ಮನಿಗೆ ನಿಲ್ಲಿಸಲಿಲ್ಲ.

ಅಮ್ಮ ಬಂದ ಎರಡನೇ ತಿಂಗಳು. ಬೆಟ್ಟ ತೋರಿಸೋಣ ಅಂತ ಹೊರಟೆವು. 800 ಕಿಲೋಮೀಟರ್ ದೂರ. ಮ್ಯಾಪ್ ಎಂಟೂವರೆ ಗಂಟೆ ಅಂತ ತೋರಿಸಿತು. ಶುಕ್ರವಾರ ಆಫೀಸ್ ಮುಗಿಸಿ ರಾತ್ರಿಯೇ ಹೊರಟರೆ ಒಂದು ದಿನದ ಹೋಟೆಲ್ ಖರ್ಚು ಉಳಿಯುತ್ತದೆ, ಶನಿವಾರ ಪೂರ್ತಿ ಕೈಗೆ ಸಿಗುತ್ತದೆ ಅಂತ ನನ್ನದೇ ಲೆಕ್ಕಾಚಾರ. ಏಳೂವರೆಗೆ ಬಿಟ್ಟೆವು. ಹನ್ನೊಂದೂ ಕಾಲರ ತನಕ ನಮ್ಮನೆಯವರು ಓಡಿಸಿದರು. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಸೀಟು ಬದಲಾಯಿಸಿದೆವು. "ಇಳೀತೀಯಾ ಅಮ್ಮಾ?" ಅಂತ ಕೇಳಿದೆ. "ನಂಗೇನೂ ಬೇಡ, ನೀವು ಹೋಗ್ಬನ್ನಿ" ಅಂದಳು. ನಾನು ಇನ್ನೊಂದು ಸಲ ಕೇಳಲಿಲ್ಲ.

ರಾತ್ರಿ ಒಂದು ಗಂಟೆ ಇರಬೇಕು. ರಸ್ತೆಯ ಅಂಚಿನಲ್ಲಿ ಗೆರೆ ಗೆರೆ ಕೊರೆದಿರುತ್ತಾರಲ್ಲ, ಚಕ್ರ ಹತ್ತಿದರೆ ಗರ್ರ್ ಅನ್ನೋದು, ಆ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅಂತಲೇ ಬರೆಯಬೇಕು. ಕಣ್ಣು ತೆರೆದೇ ಇದ್ದೆ ಅಂತ ನನಗೆ ಅನಿಸಿತ್ತು. ಆದರೆ ಹಿಂದಿನ ಒಂದೆರಡು ನಿಮಿಷದ ರಸ್ತೆ ನನಗೆ ನೆನಪೇ ಇಲ್ಲ. ಕಾರು ಬಲವಂತವಾಗಿ ಸಾಲಿಗೆ ತಂದೆ. ಪಕ್ಕದಲ್ಲಿ ನಮ್ಮನೆಯವರು ನಿದ್ದೆಯಲ್ಲಿದ್ದರು. ಮಗಳು ಹಿಂದಿನಿಂದ ನಿದ್ದೆಗಣ್ಣಲ್ಲೇ "ಏನಮ್ಮಾ ಅದು ಸೌಂಡು?" ಅಂದಳು. ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು, ದೀಪ ಇದ್ದ ಕಡೆ ನಿಲ್ಲಿಸಿ, ಒಳಗಿನ ಲೈಟು ಹಾಕಿದೆ.

ಅಮ್ಮ ಎದ್ದೇ ಇದ್ದಳು. ಅವಳ ಪಾದ ನೋಡಿದೆ. ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತು ಹೋಗಿತ್ತು. ಹೊರಡುವಾಗ ಅವಳ ಕೈಗೆ ಕೊಟ್ಟಿದ್ದ ನೀರಿನ ಬಾಟಲಿ ಹಾಗೇ ಇತ್ತು. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. "ಕುಡಿದ್ರೆ ಮತ್ತೆ ನಿಲ್ಸಿ ಅನ್ಬೇಕಾಗತ್ತೆ. ರಾತ್ರಿ ಹೊತ್ತು ನಿಂಗ್ಯಾಕೆ ತೊಂದರೆ" ಅಂದಳು. ಐದೂವರೆ ಗಂಟೆ, ಒಂದು ಗುಟುಕು ನೀರಿಲ್ಲದೆ.

ಆ ರಾತ್ರಿ ಕಾರಿನಲ್ಲಿ ಇಬ್ಬರು ಬಾಯಿ ಬಿಡಲಿಲ್ಲ. ಅಮ್ಮ ಕಾಲಿನ ವಿಷಯ ಹೇಳಲಿಲ್ಲ. ನಾನು ನಿದ್ದೆಯ ವಿಷಯ ಹೇಳಲಿಲ್ಲ. ಅದಕ್ಕೇ ನನ್ನ ಮಾತು ಒಂದೇ: ಯಾರಾದರೂ ಕೇಳಲಿ ಅಂತ ಕಾಯಬೇಡಿ, ಕೇಳುವ ಮೊದಲೇ ನಿಲ್ಲಿಸಿ. ನಮ್ಮ ಹಿರಿಯರು ಕೇಳುವವರಲ್ಲ. ಮಗಳ ಮನೆಯಲ್ಲಿ, ಅಳಿಯನ ಎದುರಿಗೆ, ಇನ್ನೂ ಕೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ. ಓಡಿಸುವವರಿಗೆ "ಇನ್ನೊಂದು ಗಂಟೆ ತಾನೇ" ಅನ್ನುವ ಹಟ.

ವಾಪಸು ಬರುವಾಗ ಎರಡು ದಿನ ಮಾಡಿಕೊಂಡು, ಹಗಲಲ್ಲೇ ಬಂದೆವು. ಮಗಳ ಕೈಗಡಿಯಾರದಲ್ಲಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟೆವು. ಅದು ಕೂಗಿದ ಮೇಲೆ ಸಿಗುವ ಮೊದಲ ಒಳ್ಳೆಯ ಜಾಗದಲ್ಲಿ ನಿಲ್ಲಿಸುವುದು. ಯಾರಿಗೂ ಏನೂ ಬೇಡವಾದರೂ ಎಲ್ಲರೂ ಇಳಿಯುವುದು. ಅಜ್ಜಿ ಮೊಮ್ಮಗಳು ಕೈ ಹಿಡಿದುಕೊಂಡು ಕಾರಿನ ಸುತ್ತ ಮೂರು ಸುತ್ತು ಹಾಕುತ್ತಿದ್ದರು. ಎರಡನೇ ನಿಲುಗಡೆಯಿಂದ ಅಮ್ಮ ತಾನಾಗಿಯೇ ನೀರು ಕುಡಿಯಲು ಶುರು ಮಾಡಿದಳು. ಹೇಗೂ ನಿಲ್ಲಿಸ್ತಾರೆ ಅಂತ ಗೊತ್ತಾಯಿತಲ್ಲ.

ಆಮೇಲೆ ಕೂತು ಓದಿಕೊಂಡೆ. ನಿದ್ದೆಗೆಟ್ಟು ಓಡಿಸುವುದು ಕುಡಿದು ಓಡಿಸಿದ ಹಾಗೆ ಅಂತಾರಲ್ಲ, ಅದು ಸುಮ್ನೆ ಮಾತಲ್ಲ. 17 ಗಂಟೆ ಎದ್ದಿದ್ದವರ ಕೈ ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟು ಕುಗ್ಗುತ್ತದೆ ಅಂತ 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಆ ರಾತ್ರಿ ನಾನು ಎದ್ದು 19 ಗಂಟೆ ಆಗಿತ್ತು. 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ 100 ಮೀಟರ್‌ಗಿಂತ ಜಾಸ್ತಿ. ಫೋನ್ ನೋಡಿದರೂ ಅದೇ ಲೆಕ್ಕ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಇದ್ಯಾವುದೂ ನಿದ್ದೆಯನ್ನು ಓಡಿಸುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಮಲಗಿ. ಕಾಫಿ ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಎದ್ದಿರುತ್ತೀರಿ. ಇದೂ ಸ್ವಲ್ಪ ಹೊತ್ತಿಗೆ ಮಾತ್ರ. ಆಮೇಲೆ ಬೇರೆಯವರು ಓಡಿಸಬೇಕು, ಇಲ್ಲವೇ ಅಲ್ಲೇ ತಂಗಬೇಕು. ಯುರೋಪಿನಲ್ಲಿ ಲಾರಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ಕಾನೂನೇ ಇದೆ. ದಿನಾ ಅದೇ ಕೆಲಸ ಮಾಡುವವರಿಗೇ ಹಾಗಿದ್ದರೆ ವಾರವೆಲ್ಲ ಆಫೀಸಿನಲ್ಲಿ ಕೂತ ನಮಗೆ?

ಹಿರಿಯರ ಕಾಲಿನ ವಿಷಯ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ವಿಮಾನಕ್ಕೆ ಮಾತ್ರ ಅಲ್ಲ, ಕಾರು, ಬಸ್ಸು, ರೈಲಿಗೂ. ಗಾಬರಿ ಬೇಡ, ಅಪರೂಪವೇ. ಆದರೆ ಇಳಿಸಿ ನಡೆಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲು ಹೇಳಿ. ಒಂದು ಕಾಲು ಊದಿ, ನೋವು ಬಂದು, ಕೆಂಪಾಗಿ ಬಿಸಿಯಾದರೆ, ಉಸಿರು ಕಟ್ಟಿದ ಹಾಗಾದರೆ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಮಾತ್ರೆಗಳು ಡಿಕ್ಕಿಯಲ್ಲಲ್ಲ, ಅವರ ಕೈಚೀಲದಲ್ಲಿರಲಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಅಂತ ಒಂದು ಚೀಟಿಯೂ ಜೊತೆಗಿರಲಿ. ಮಾತ್ರೆಯ ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬೇರೆ, ಒಳಗಿನ ಔಷಧದ ಹೆಸರನ್ನೇ ಬರೆಯಿರಿ.

ಮಕ್ಕಳ ಸೀಟಿನಲ್ಲಿ ರಾಜಿ ಬೇಡ. "ಸ್ವಲ್ಪ ದೂರ ತಾನೇ, ನನ್ನ ತೊಡೆ ಮೇಲೆ ಇರಲಿ ಬಿಡು" ಅಂತ ಅಜ್ಜಿ ತಾತ ಪ್ರೀತಿಯಿಂದ ಹೇಳುತ್ತಾರೆ. ಬೇಡ ಅನ್ನಿ. ಡಿಕ್ಕಿ ಹೊಡೆದ ಕ್ಷಣದಲ್ಲಿ ಯಾವ ತೋಳಿಗೂ ಮಗುವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಹಿಂದಕ್ಕೆ ಮುಖ ಮಾಡಿದ ಕೂಸಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬಾರದು. ದಪ್ಪ ಜಾಕೆಟ್ ತೆಗೆದ ಮೇಲೆಯೇ ಬೆಲ್ಟ್ ಬಿಗಿಯಿರಿ, ಇಲ್ಲದಿದ್ದರೆ ಬಿಗಿಯಾದ ಹಾಗೆ ಕಾಣುತ್ತದೆ ಅಷ್ಟೇ. ನನ್ನ ಮಗಳು ಇನ್ನೂ ಬೂಸ್ಟರ್ (ಬೆಲ್ಟು ಸರಿಯಾಗಿ ಕೂರುವಂತೆ ಮಕ್ಕಳನ್ನು ಎತ್ತರಿಸುವ ಸೀಟು) ಮೇಲೆಯೇ ಕೂರುವುದು, ಎಷ್ಟೇ ಗಲಾಟೆ ಮಾಡಿದರೂ. ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆಯ ಬುಡದಲ್ಲಿ ಕೂರಬೇಕು, ಕುತ್ತಿಗೆಗೆ ತಾಗಬಾರದು. ಎತ್ತರ ಎಷ್ಟಾದ ಮೇಲೆ ಬೂಸ್ಟರ್ ಬೇಡ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ, ಗಡಿ ದಾಟುವವರು ನೋಡಿಕೊಳ್ಳಿ. ಹಿಂದಿನ ಸೀಟಿನ ದೊಡ್ಡವರೂ ಬೆಲ್ಟ್ ಹಾಕಲೇಬೇಕು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಸುಮಾರು 10 ಡಿಗ್ರಿ ಏರಿಬಿಡುತ್ತದೆ. ವಾಂತಿ ಬರುವ ಮಕ್ಕಳಿಗೆ ಪುಸ್ತಕ, ಟ್ಯಾಬ್ ಕೊಡದೆ ದೂರ ನೋಡಲು ಹೇಳಿ.

ಇನ್ನು ಟೈರು. ಹೊರಡುವ ದಿನ ಬೆಳಗ್ಗೆ, ಟೈರು ತಣ್ಣಗಿದ್ದಾಗಲೇ ಗಾಳಿ ನೋಡಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅದನ್ನು ಅನುಸರಿಸಬೇಡಿ. ಎಷ್ಟೋ ಕಾರುಗಳಲ್ಲಿ ಜನ, ಸಾಮಾನು ತುಂಬಿದಾಗ ಬೇರೆ ಅಂಕಿ ಇರುತ್ತದೆ. ಟೈರಿನ ವಯಸ್ಸನ್ನೂ ನೋಡಿ: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯನ್ನು ಮರೆಯುವವರೇ ಜಾಸ್ತಿ. ಭಾರದ ಪೆಟ್ಟಿಗೆ ಡಿಕ್ಕಿಯ ತಳದಲ್ಲಿ, ಸೀಟಿಗೆ ಒತ್ತಿಕೊಂಡಿರಲಿ. ಹಿಂದಿನ ಗಾಜಿನ ಹತ್ತಿರ ಏನೂ ಬೇಡ.

ಮ್ಯಾಪ್ ಎಂಟು ಗಂಟೆ ಅಂದರೆ ಮಕ್ಕಳು, ಹಿರಿಯರು ಇರುವ ಕಾರಿಗೆ ಹತ್ತು ಅಂತ ಇಟ್ಟುಕೊಳ್ಳಿ. ಅಷ್ಟು ಒಂದೇ ದಿನಕ್ಕೆ ಬೇಡ ಅನಿಸಿದರೆ ಮಧ್ಯದಲ್ಲಿ ಒಂದು ರಾತ್ರಿ ತಂಗಿ. ನಾನು ಉಳಿಸಲು ಹೋದದ್ದೂ ಒಂದು ರಾತ್ರಿಯ ಹೋಟೆಲ್ ಖರ್ಚೇ.

ಈಗ ಗಡಿಬಿಡಿಯಲ್ಲಿ ಸೂಚನೆಗಳು. ವಾರ್ಷಿಕ ಪಿಕ್ನಿಕ್ ಮುಂದಿನ ತಿಂಗಳ ಎರಡನೇ ಶನಿವಾರ. ಎಲ್ಲ ಕಾರುಗಳೂ ಸಭಾಂಗಣದ ಪಾರ್ಕಿಂಗ್‌ನಿಂದ ಎಂಟಕ್ಕೆ ಹೊರಡುತ್ತವೆ, ಏಳೂವರೆಗೇ ಬನ್ನಿ. ಅಲ್ಲೇ ಟೈರಿನ ಗಾಳಿ, ಮಕ್ಕಳ ಸೀಟು ಒಬ್ಬರದನ್ನೊಬ್ಬರು ನೋಡೋಣ. ಗಾಳಿ ಹಾಕುವ ಪುಟ್ಟ ಪಂಪ್ ಇರುವವರು ತನ್ನಿ. ಒಂದರ ಹಿಂದೆ ಒಂದು ಅಂಟಿಕೊಂಡು ಓಡಿಸುವುದು ಬೇಡ, ದಾರಿಯ ನಕ್ಷೆ ಎಲ್ಲರಿಗೂ ಮೊದಲೇ ಕಳಿಸುತ್ತೇವೆ. ಮಕ್ಕಳ ಕನ್ನಡ ತರಗತಿಗೆ ಮೂರು ವಾರ ರಜೆ. ಗ್ರಂಥಾಲಯದ ಪುಸ್ತಕ ಇಟ್ಟುಕೊಂಡವರು ದಯವಿಟ್ಟು ತಂದುಕೊಡಿ. ನಾಟಕದ ತಾಲೀಮು ರಜೆ ಮುಗಿದ ಮೊದಲ ಭಾನುವಾರದಿಂದ, ಇನ್ನೂ ಮೂರು ಪಾತ್ರ ಖಾಲಿ ಇವೆ. ಸದಸ್ಯತ್ವ ನವೀಕರಣ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಪಿಕ್ನಿಕ್‌ಗೆ ಬರಬೇಕೆಂದಿರುವ, ಕಾರಿಲ್ಲದ ಐದು ಜನ ಹಿರಿಯರಿದ್ದಾರೆ. ನಿಮ್ಮ ಕಾರಿನಲ್ಲಿ ಸೀಟಿದ್ದರೆ ತಿಳಿಸಿ. ಅವರಾಗಿ ಫೋನ್ ಮಾಡುವುದಿಲ್ಲ.

ಇನ್ನೊಂದು ಮಾತು. ಕಳೆದ ಏಳು ಸಂಚಿಕೆ ನಾನೊಬ್ಬಳೇ ಜೋಡಿಸಿದ್ದೇನೆ. ಬರಹ ಕೇಳುವುದು, ತಪ್ಪು ತಿದ್ದುವುದು, ಪುಟ ಕಟ್ಟುವುದು, ಎಲ್ಲ. ಸುಸ್ತಾಗಿದೆ. ಕೇಳಬಾರದು ಅಂದುಕೊಂಡಿದ್ದೆ, ಈಗ ಕೇಳುತ್ತಿದ್ದೇನೆ. ಇಬ್ಬರು ಬೇಕು. ಕನ್ನಡ ಟೈಪ್ ಮಾಡಲು ಬಂದರೆ ಸಾಕು, ಉಳಿದದ್ದು ಜೊತೆಗೆ ಕೂತು ಕಲಿಯೋಣ.

ಮೊನ್ನೆ ಅಮ್ಮನ ಫೋನ್ ಬಂತು. ಏರ್‌ಪೋರ್ಟಿನಿಂದ ಮನೆಗೆ ಆರು ಗಂಟೆ ದಾರಿ. ಸುಖವಾಗಿ ತಲುಪಿದೆಯಾ ಅಂತ ಕೇಳಿದೆ. "ಹ್ಞೂಂ. ಡ್ರೈವರ್ ಹುಡುಗ ಒಳ್ಳೇವ್ನು. ಎರಡು ಸಲ ನಾನೇ ನಿಲ್ಸಪ್ಪಾ ಅಂದೆ ಕಣೆ" ಅಂದಳು.