ಹಿತ್ತಲಲ್ಲಿ ಓಡೋ ಮೀಟರ್ ಗೇಜ್

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಹವ್ಯಾಸಗಳ ಬಗ್ಗೆ ಒಂದು ಪುಟ ಮಾಡಿದ್ರಿ, ಚೆನ್ನಾಗಿತ್ತು, ಆದ್ರೆ ಗಾರ್ಡನ್ ರೈಲ್ವೆಗೆ, ಅಂದ್ರೆ ಹಿತ್ತಲು-ತೋಟದಲ್ಲಿ ಹಳಿ ಹಾಕಿ ಪುಟ್ಟ ಮಾಡೆಲ್ ರೈಲು ಓಡಿಸೋ ಹವ್ಯಾಸಕ್ಕೆ, ಬರೀ ಎರಡು ಸಾಲು ಕೊಟ್ಟು ಅದನ್ನ ಶ್ರೀಮಂತ ವಿದೇಶಿಯರ ದುಬಾರಿ ಆಟಿಕೆ ಅಂತ ಬರೆದು ಮುಗಿಸಿಬಿಟ್ರಿ. ದುಬಾರಿ ಅನ್ನೋದನ್ನ ಒಪ್ಕೋತೀನಿ, ವಿದೇಶಿ ಅನ್ನೋದಕ್ಕೂ ಅರ್ಧ ಒಪ್ಪಿಗೆ ಇದೆ, ಆಟಿಕೆ ಅನ್ನೋದಕ್ಕೆ ಮಾತ್ರ ತಕರಾರು.

ಈ ಹವ್ಯಾಸ ಇವತ್ತಿನ ರೂಪದಲ್ಲಿ ಮನೆಮನೆ ಸೇರಿದ್ದು 1968ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಅನ್ನೋ ಹಳೇ ಕಂಪನಿ ಎಲ್‌ಜಿಬಿ ಅಂತ ಒಂದು ರೈಲು ಸೆಟ್ ತಂದ ಮೇಲೆ. ಮಳೆ, ಬಿಸಿಲು, ಹಿಮ ಎಲ್ಲಾ ತಡ್ಕೊಂಡು ಹೊರಗಡೆನೇ ಬಿದ್ದಿರಬಹುದಾದ ಹಿತ್ತಾಳೆ ಹಳಿ, ಹಳಿ ಕೆಳಗೆ ಅಡ್ಡಕ್ಕೆ ಬಿಸಿಲಿಗೆ ಪುಡಿಯಾಗದ ಪ್ಲಾಸ್ಟಿಕ್ ಸ್ಲೀಪರ್ ಪಟ್ಟಿ. ಹಳಿಗಳ ನಡುವಿನ ಅಗಲ 45 ಮಿಲಿಮೀಟರ್, ಸ್ಕೇಲ್ 1:22.5, ಅಂದ್ರೆ ಮಾಡೆಲ್ಲಿನ ಒಂದು ಅಳತೆಗೆ ನಿಜವಾದ ರೈಲಿನಲ್ಲಿ ಇಪ್ಪತ್ತೆರಡೂವರೆ. ಈಗ ಒಂದು ಕ್ಯಾಲ್ಕುಲೇಟರ್ ತಗೊಂಡು 45ನ್ನ 22.5ರಿಂದ ಗುಣಿಸಿ ನೋಡಿ. 1012 ಚಿಲ್ಲರೆ ಮಿಲಿಮೀಟರ್ ಬರುತ್ತೆ, ಅಂದ್ರೆ ಒಂದು ಮೀಟರ್! ಅಲ್ಲಿನ ಹವ್ಯಾಸಿಗಳು ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ, ಜರ್ಮನಿಯ ಹಾರ್ಟ್ಸ್ ಬೆಟ್ಟದ ಲೈನು, ಇಂಥವುಗಳ ಮಾಡೆಲ್ಲನ್ನ ಇದೇ ಹಳಿ ಮೇಲೆ ಓಡಿಸ್ತಾರೆ, ಅವೆಲ್ಲ ಮೀಟರ್ ಗೇಜ್. ನಮ್ಮ ಬೆಂಗಳೂರು–ಮೈಸೂರು, ಹುಬ್ಬಳ್ಳಿ–ಲೋಂಡಾ, ಶಿವಮೊಗ್ಗ–ತಾಳಗುಪ್ಪ, ಹಾಸನ–ಮಂಗಳೂರು, ಇವೂ ಮೀಟರ್ ಗೇಜೇ ಆಗಿದ್ವಲ್ಲ. 1992ರಲ್ಲಿ ಹಳಿಗಳನ್ನ ಒಂದೇ ಅಗಲಕ್ಕೆ ತರೋ ಯೂನಿಗೇಜ್ ಯೋಜನೆ ಶುರುವಾದ ಮೇಲೆ ಒಂದೊಂದಾಗಿ ಎಲ್ಲಾ ಬ್ರಾಡ್ ಗೇಜ್ ಆಯ್ತು, ಆಗ್ಲೇಬೇಕಿತ್ತು, ಅದಕ್ಕೇನೂ ನನ್ನ ಬೇಜಾರಿಲ್ಲ. ಆದ್ರೆ ಪ್ರಪಂಚದಲ್ಲಿ ಅತಿ ಸುಲಭವಾಗಿ ಸಿಗೋ ಗಾರ್ಡನ್ ಹಳಿ ನಮ್ಮ ಹಳೇ ಲೈನುಗಳ ಅಳತೆಗೇ ಹೇಳಿ ಮಾಡಿಸಿದ ಹಾಗಿದ್ರೂ ನಮ್ಮಲ್ಲಿ ಇದನ್ನ ಯಾರೋ ಪರದೇಶದವರ ಶೋಕಿ ಅಂತ ನೋಡ್ತೀವಿ ಅನ್ನೋದೇ ನನ್ನ ಮಾತು.

ನಾನು ಹಿತ್ತಲಲ್ಲಿ ಮಾಡ್ತಿರೋದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ತುಣುಕು. 57 ಸುರಂಗ ಇರೋ ಲೈನು ಅದು, ನನ್ನ ಹತ್ರ ಎರಡಕ್ಕೆ ಜಾಗ ಇದೆ, ಒಂದು ಕರಿಬೇವಿನ ಗಿಡದ ಬುಡದಲ್ಲಿ, ಇನ್ನೊಂದು ಬಟ್ಟೆ ಒಗೆಯೋ ಕಲ್ಲಿನ ಹಿಂದೆ. ಘಾಟಿಯ ಏರು 50ಕ್ಕೆ 1, ಅಂದ್ರೆ ಐದು ಮೀಟರ್ ಹೋಗೋಷ್ಟರಲ್ಲಿ ಹತ್ತು ಸೆಂಟಿಮೀಟರ್ ಹತ್ತಬೇಕು, ಅದನ್ನ ಹಿತ್ತಲಲ್ಲಿ ತರೋದು ಕಷ್ಟ ಅಲ್ಲ, ನೀರಿನ ಟ್ಯೂಬ್ ಲೆವೆಲ್ ಹಿಡಿದು ಇಟ್ಟಿಗೆ ಕಂಬ ಕಟ್ಕೊಂಡು ಹೋದ್ರೆ ಆಯ್ತು. ಕಷ್ಟ ಇರೋದು ತಿರುವಿನಲ್ಲಿ. ನಮ್ಮ ರೈಲ್ವೆ ಮೀಟರ್ ಗೇಜ್‌ಗೆ ಒಪ್ತಿದ್ದ ಅತಿ ಚೂಪಾದ ತಿರುವು ರೇಡಿಯಸ್ ಲೆಕ್ಕದಲ್ಲಿ 109 ಮೀಟರ್, ಅದನ್ನ ಸ್ಕೇಲಿಗೆ ಇಳಿಸಿದ್ರೂ ಐದು ಮೀಟರ್ ಹತ್ರ ಹತ್ರ ಆಗುತ್ತೆ. ಸೆಟ್ ಜೊತೆ ಬರೋ ಚಿಕ್ಕ ತಿರುವು ಹಳಿ ಬರೀ 60 ಸೆಂಟಿಮೀಟರ್ ರೇಡಿಯಸ್! ಅದ್ರ ಮೇಲೆ ಎರಡೂಮುಕ್ಕಾಲು ಅಡಿ ಉದ್ದದ ಸ್ಕೇಲ್ ಬೋಗಿ ಬಿಟ್ರೆ ಅರ್ಧ ಬೋಗಿ ಹಳಿಯಿಂದ ಆಚೆಗೇ ಚಾಚಿಕೊಂಡಿರುತ್ತೆ, ನೋಡೋಕೆ ಅಸಹ್ಯ. ಅದಕ್ಕೇ ಹೊಸಬರು ಕೇಳಿದ್ರೆ ನಾನು ಹೇಳೋದು, ಮೊದಲು ತಾಳಗುಪ್ಪದ ರೈಲ್‌ಬಸ್ ಮಾಡಿ ಅಂತ. ನಾಲ್ಕೇ ಗಾಲಿ, ಒಂಟಿ ಡಬ್ಬಿ, ಯಾವ ತಿರುವಿಗೂ ಗೊಣಗಲ್ಲ, ಫೋಮ್ ಶೀಟು ಅಥವಾ ತೆಳು ತಗಡಿನಲ್ಲಿ ಬಾಡಿ ಮಾಡ್ಕೋಬಹುದು, ಮಲೆನಾಡಿನವರು ಯಾರು ನೋಡಿದ್ರೂ ಗುರುತು ಹಿಡೀತಾರೆ.

ನಮ್ಮ ಬೀದಿಯಲ್ಲಿ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ರಿಟೈರ್ ಆದವರೊಬ್ರು ಇದಾರೆ. ಮೊದಲ ಸಲ ನೋಡೋಕೆ ಬಂದವರು ಇಂಜಿನ್ ಕಡೆ ಕಣ್ಣೂ ಹಾಯಿಸಲಿಲ್ಲ, ಸೀದಾ ಕುಕ್ಕರುಗಾಲಲ್ಲಿ ಕೂತು ಹಳಿ ಜಾಯಿಂಟಿಗೆ ಬೆರಳಿಟ್ಟು "ಗ್ಯಾಪ್ ಬಿಟ್ಟಿದೀರಾ ಸಾರ್?" ಅಂದ್ರು. ಬಿಡಲೇಬೇಕು. ಹತ್ತು ಮೀಟರ್ ಹಿತ್ತಾಳೆ ಹಳಿ ಬೆಳಗಿನ ತಂಪಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದ್ರೆ ಐದು ಮಿಲಿಮೀಟರ್ ಮೇಲೆ ಬೆಳೆಯುತ್ತೆ, ಜಾಗ ಇಲ್ಲಾಂದ್ರೆ ಸೊಟ್ಟಗಾಗಿ ಮೇಲೇಳುತ್ತೆ. ಆಮೇಲೆ ಅವರು ಜಲ್ಲಿಪುಡಿ ಕೈಯಲ್ಲಿ ತಗೊಂಡು, ದುಂಡಗಿನ ಕಲ್ಲು ಬೇಡ, ಮೂಲೆ ಇರೋದೇ ಬೇಕು, ಅದೇ ಒಂದಕ್ಕೊಂದು ಕಚ್ಕೊಳ್ಳೋದು ಅಂದ್ರು. ಇದು ಆಟಿಕೆ ಆಗಿದ್ರೆ ಆ ಮನುಷ್ಯ ಸಂಜೆವರೆಗೂ ಅಲ್ಲಿ ಯಾಕೆ ಕೂತಿರ್ತಿದ್ರು ಹೇಳಿ?

ಮಳೆಗಾಲದ ಪಾಡು ಬೇರೆ. ಯುರೋಪಿನವರು ಹಳಿಯಲ್ಲೇ ಕರೆಂಟ್ ಕೊಟ್ಟು ಓಡಿಸೋದು ಜಾಸ್ತಿ, ನಮ್ಮ ಜುಲೈ ಮಳೆಗೆ ಹಿತ್ತಾಳೆ ಕಪ್ಪಾಗಿ, ಅದ್ರ ಮೇಲೆ ಕೆಂಪು ಮಣ್ಣು ಸಿಡಿದು ಕೂತ್ರೆ ದಿನಾ ಉಜ್ಜೋದೇ ಕೆಲಸ. ನನ್ನ ಪ್ರಕಾರ ನಮ್ಮ ಕಡೆಗೆ ಬ್ಯಾಟರಿ ಇಂಜಿನ್ನೇ ಸರಿ, ಲಿಥಿಯಂ ಬ್ಯಾಟರಿನ ಇಂಜಿನ್ ಹಿಂದಿನ ವ್ಯಾಗನ್ನಲ್ಲಿ ಬಚ್ಚಿಟ್ಟು ರೇಡಿಯೋ ಕಂಟ್ರೋಲಲ್ಲಿ ಓಡಿಸೋದು, ಹಳಿ ಕೊಳೆ ಆದ್ರೂ ಚಿಂತೆ ಇಲ್ಲ, ಹಿತ್ತಾಳೆ ಬದಲು ಅಗ್ಗದ ಅಲ್ಯೂಮಿನಿಯಂ ಹಳಿನೂ ಹಾಕಬಹುದು. ನಿಜವಾದ ಹಬೆ ಇಂಜಿನ್ನುಗಳೂ ಈ ಸೈಜಲ್ಲಿ ಸಿಗ್ತವೆ, ಬ್ಯೂಟೇನ್ ಗ್ಯಾಸ್ ಉರಿಸಿ ಪುಟ್ಟ ಬಾಯ್ಲರಿನಲ್ಲಿ ನೀರು ಕಾಯಿಸಿ ಓಡೋವು, ಅದನ್ನ ನೋಡಿದವರು ಬೇರೆ ಯಾವುದನ್ನೂ ಒಪ್ಪಲ್ಲ, ರೇಟ್ ಕೇಳಿದ್ರೆ ಮಾತ್ರ ಸುಮ್ನಾಗ್ತಾರೆ.

ರೇಟು ಅಂದಾಗ ನೆನಪಾಯ್ತು, ನಿಮ್ಮ ದುಬಾರಿ ಅನ್ನೋ ಮಾತಿಗೆ ಅರ್ಧ ಕಾರಣ ದೆಹಲಿಯಲ್ಲಿದೆ. ಆಮದು ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗಳು ಮಕ್ಕಳ ಗೊಂಬೆ, ಗಿಲಕಿ ಜೊತೆ 9503 ಅನ್ನೋ ಒಂದೇ ನಂಬರಿನ ಕೆಳಗೆ ಬರ್ತವೆ. ಆಟಿಕೆ ಸುಂಕನ 2020ರ ಬಜೆಟ್ಟಲ್ಲಿ 20 ಪರ್ಸೆಂಟಿಂದ 60ಕ್ಕೆ ಏರಿಸಿದ್ರು, 2023ರಲ್ಲಿ 70 ಮಾಡಿದ್ರು. ಅಗ್ಗದ ಕಳಪೆ ಆಟಿಕೆ ತಡೆದು ಚನ್ನಪಟ್ಟಣದಂಥ ಊರಿಗೆ ಅನುಕೂಲ ಆಗ್ಲಿ ಅಂದ್ರೆ ಯಾರು ಬೇಡ ಅಂತಾರೆ, ಆದ್ರೆ ನಮ್ಮ ದೇಶದಲ್ಲಿ ಯಾವ ಅಂಗಡಿಯಲ್ಲೂ ಸುಲಭವಾಗಿ ಸಿಗದ 45 ಮಿಲಿಮೀಟರ್ ಪಾಯಿಂಟ್ಸ್, ಅಂದ್ರೆ ಗಾಡಿನ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಹಳಿ, ಒಂದು ಜೊತೆ ತರಿಸಿಕೊಂಡ್ರೆ ಅದ್ರಿಂದ ಯಾವ ಗೊಂಬೆ ಮಾಡೋರ ಹೊಟ್ಟೆಗೆ ಕಲ್ಲು ಬಿತ್ತು? ದೊಡ್ಡವರು ಕಟ್ಟೋ ಸ್ಕೇಲ್ ಮಾಡೆಲ್ಲಿಗೂ ಅದ್ರ ಬಿಡಿಭಾಗಕ್ಕೂ ಬೇರೆ ದರ ಮಾಡ್ಲಿ, ಇಲ್ಲಾ ನಮ್ಮ ಪೀಣ್ಯದ ಸಣ್ಣ ವರ್ಕ್‌ಶಾಪಿನವರು ಯಾರಾದ್ರೂ ಹಳಿ ಎಳೆಯೋಕೆ ಡೈ (ಅಚ್ಚು) ಮಾಡ್ಲಿ, ಎರಡರಲ್ಲಿ ಒಂದಾದ್ರೂ ಆಗ್ಲಿ.

ಇನ್ನೊಂದು ಬೇಡಿಕೆ. ಮೈಸೂರಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ, ನಿಂತ ಇಂಜಿನ್ನುಗಳು ಚೆನ್ನಾಗಿದಾವೆ, ಆ ಆವರಣದಲ್ಲೇ ಒಂದು ಮೂಲೆಯಲ್ಲಿ 1:22.5 ಅಳತೆಯ ಹೊರಾಂಗಣ ಲೈನೊಂದು ಹಾಕಿ ಮೀಟರ್ ಗೇಜ್ ಗಾಡಿಗಳನ್ನ ಓಡಿಸಿದ್ರೆ ಎಷ್ಟು ಚೆಂದ, ನೋಡ್ಕೊಳ್ಳೋಕೆ ನಮ್ಮಂಥವರು ಸರದಿ ಮೇಲೆ ಬರ್ತೀವಿ.

ಕೊನೆಗೆ ಓದುಗರ ಹತ್ರ ಒಂದು ಕೋರಿಕೆ, ಸಂಪಾದಕರೇ, ದಯವಿಟ್ಟು ಇದಕ್ಕೆ ಕತ್ತರಿ ಹಾಕ್ಬೇಡಿ. ಘಾಟಿ ಲೈನು 1996ರಲ್ಲಿ ನಿಲ್ಲೋದಕ್ಕೆ ಮುಂಚೆ ಎಡಕುಮರಿ, ಶಿರಿಬಾಗಿಲು, ಕಡಗರವಳ್ಳಿ ಸ್ಟೇಷನ್ನುಗಳಲ್ಲಿ ಕೆಲಸ ಮಾಡಿದವರು, ಅವರ ಮಕ್ಕಳು ಯಾರಾದ್ರೂ ಇದ್ರೆ, ಹಳೇ ಫೋಟೋ ಇದ್ರೆ ನಿಮ್ಮ ಪತ್ರಿಕೆಗೆ ಕಳಿಸ್ಲಿ. ಮುಖ್ಯವಾಗಿ ಸ್ಟೇಷನ್ ಕಟ್ಟಡದ ಹಿಂಭಾಗ ಮತ್ತು ನೀರಿನ ಟ್ಯಾಂಕಿನ ಫೋಟೋ ಬೇಕಿತ್ತು, ಎಲ್ಲರೂ ಮುಂದಿನಿಂದಲೇ ತೆಗೆದಿದಾರೆ.

ಇಂತಿ,
ನಿಮ್ಮ ಓದುಗ, ಹಾಸನ