ಅಪಘಾತಕ್ಕೆ ಕಾರಣರಾದವರಿಗೆ ಕರಾರಿನ ರಕ್ಷಣೆ ಬೇಡ

ಮಾನ್ಯರೇ,

ಕಟ್ಟಡ ಕಾಮಗಾರಿಗಳಲ್ಲಿ ದೊಡ್ಡ ಕಂಪನಿಗಳು ಸಣ್ಣ ಗುತ್ತಿಗೆದಾರರಿಂದ ಸಹಿ ಮಾಡಿಸಿಕೊಳ್ಳುವ ಕರಾರುಗಳಲ್ಲಿ 'ವೇವರ್ ಆಫ್ ಸಬ್ರೊಗೇಷನ್', ಅಂದರೆ ವಿಮಾ ಕಂಪನಿ ಕಟ್ಟಿದ ಪರಿಹಾರವನ್ನು ತಪ್ಪು ಮಾಡಿದವರಿಂದ ವಸೂಲು ಮಾಡುವ ಹಕ್ಕನ್ನು ಬಿಟ್ಟುಕೊಡುವ ಷರತ್ತು ಇರುವುದುಂಟು. ವಿಮಾ ಕಂಪನಿಯಲ್ಲಿ ಕಾರ್ಮಿಕರ ಪರಿಹಾರದ ಕ್ಲೇಮುಗಳನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅದನ್ನು ಓದಿ ತಿಳಿದು ಸಹಿ ಮಾಡಿದ ಗುತ್ತಿಗೆದಾರರನ್ನು ನಾನು ಕಂಡದ್ದು ಬಹಳ ಕಡಿಮೆ. ಕೆಲಸ ಸಿಕ್ಕರೆ ಸಾಕೆನ್ನುವವರು ಕೊಟ್ಟ ಕಾಗದಕ್ಕೆ ಸಹಿ ಹಾಕುತ್ತಾರೆ.

ಷರತ್ತಿನ ಪರಿಣಾಮವನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಮುಖ್ಯ ಕಂಪನಿಯ ಕ್ರೇನ್ ಚಾಲಕನ ಅಜಾಗರೂಕತೆಯಿಂದ, ಉಪಗುತ್ತಿಗೆದಾರರ ಬಳಿ ದುಡಿಯುವ 30 ವರ್ಷದ ಎಲೆಕ್ಟ್ರಿಷಿಯನ್ ಮೃತಪಟ್ಟನೆನ್ನಿ. 1923ರ ನೌಕರರ ಪರಿಹಾರ ಕಾಯ್ದೆಯಂತೆಯೂ, 2025ರ ನವೆಂಬರ್‌ನಲ್ಲಿ ಅದರ ಬದಲಿಗೆ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಂತೆಯೂ, ತಪ್ಪು ಯಾರದೇ ಇರಲಿ, ಪರಿಹಾರ ಕೊಡುವ ಹೊಣೆ ಅವನ ಮಾಲೀಕನಾದ ಉಪಗುತ್ತಿಗೆದಾರನದು. ಹಳೆಯ ಕಾಯ್ದೆಯಡಿ 2020ರ ಜನವರಿಯಲ್ಲಿ ನಿಗದಿಯಾದ 15,000 ರೂಪಾಯಿ ಮಾಸಿಕ ವೇತನದ ಮಿತಿಯಲ್ಲಿ, ವೇತನದ ಅರ್ಧವನ್ನು ಆ ವಯಸ್ಸಿಗೆ ಅನ್ವಯಿಸುವ 207.98ರಿಂದ ಗುಣಿಸಿದರೆ 15,59,850 ರೂಪಾಯಿ ಆಗುತ್ತದೆ. ಪಾಲಿಸಿ ಇದ್ದರೆ ಈ ಹಣವನ್ನು ವಿಮಾ ಕಂಪನಿ ಕಟ್ಟುತ್ತದೆ. ಹಾಗೆ ಕಟ್ಟಿದ ಹಣವನ್ನು ಅಪಘಾತಕ್ಕೆ ಕಾನೂನಿನ ದೃಷ್ಟಿಯಲ್ಲಿ ಹೊಣೆಯಾದ ಮೂರನೆಯವರಿಂದ ವಸೂಲು ಮಾಡುವ ಹಕ್ಕನ್ನು ಹಳೆಯ ಕಾಯ್ದೆಯ 13ನೇ ಕಲಂ ಮಾಲೀಕನಿಗೆ ಕೊಟ್ಟಿತ್ತು; ಹಣ ಕಟ್ಟಿದ ವಿಮಾ ಕಂಪನಿ ಅವನ ಪರವಾಗಿ ಆ ಹಕ್ಕನ್ನು ಚಲಾಯಿಸುತ್ತದೆ. ಹೊಸ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಕರಾರಿನ ಷರತ್ತು ಕಿತ್ತುಕೊಳ್ಳುವುದು ಇದೇ ಹಕ್ಕನ್ನು. ಕ್ರೇನ್ ಕಂಪನಿಯದು, ತಪ್ಪು ಕಂಪನಿಯ ಚಾಲಕನದು, ಆದರೆ ಕ್ಲೇಮು ದಾಖಲಾಗುವುದು ಸಣ್ಣ ಗುತ್ತಿಗೆದಾರನ ಹೆಸರಿನಲ್ಲಿ. ಮುಂದಿನ ವರ್ಷದ ಪ್ರೀಮಿಯಂ ನಿಗದಿಪಡಿಸುವಾಗ ವಿಮಾ ಕಂಪನಿ ನೋಡುವುದೂ ಆ ದಾಖಲೆಯನ್ನೇ.

ಇಲ್ಲಿರುವ ಅಸಮಾನತೆಯನ್ನು ಓದುಗರು ಗಮನಿಸಬೇಕು. ಉಪಗುತ್ತಿಗೆದಾರನ ಕಾರ್ಮಿಕನಿಗೆ ಮುಖ್ಯ ಕಂಪನಿಯೇ ಪರಿಹಾರ ಕೊಡಬೇಕಾಗಿ ಬಂದರೆ, ಅದನ್ನು ಉಪಗುತ್ತಿಗೆದಾರನಿಂದ ಹಿಂಪಡೆಯಲು ಕಾನೂನು ಅವಕಾಶ ಕೊಡುತ್ತದೆ. ಆ ಹಕ್ಕನ್ನು ಯಾವ ಕಂಪನಿಯೂ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡಬೇಕಾದವನು ಯಾವಾಗಲೂ ಕೆಳಗಿನವನು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಿಮಾ ಕಂಪನಿಯ ವಸೂಲಿ ಹಕ್ಕಿಗೆ ಧಕ್ಕೆ ತರುವ ಕೆಲಸವನ್ನು ಪಾಲಿಸಿದಾರ ಮಾಡಬಾರದೆಂಬ ನಿಬಂಧನೆ ಸಾಮಾನ್ಯವಾಗಿ ಪಾಲಿಸಿಯಲ್ಲಿ ಇರುತ್ತದೆ. ವಿಮಾ ಕಂಪನಿಗೆ ತಿಳಿಸದೆ, ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಲಿಖಿತ ಒಪ್ಪಿಗೆ) ಪಡೆಯದೆ ಇಂಥ ಕರಾರಿಗೆ ಸಹಿ ಮಾಡಿದರೆ, ಕ್ಲೇಮಿಗೆ ತಕರಾರು ತೆಗೆಯಲು ಅದಕ್ಕೆ ಬೇರೆ ನೆಪ ಬೇಕಿಲ್ಲ. ಕಾರ್ಮಿಕ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಹಳೆಯ ಕಾಯ್ದೆಯ 17ನೇ ಕಲಮಿನಂತೆ ಅಸಿಂಧುವಾಗಿತ್ತು ಎಂಬುದು ನಿಜ. ಆದರೆ ವಿಮಾ ಕಂಪನಿ ಹಿಂದೆ ಸರಿದು, ಗುತ್ತಿಗೆದಾರನ ಕೈಯಲ್ಲಿ ಹಣವಿಲ್ಲದಿದ್ದಾಗ, ಆ ಹಕ್ಕು ಹಿಡಿದುಕೊಂಡು ವಿಧವೆಯೊಬ್ಬಳು ಪರಿಹಾರ ತೀರ್ಮಾನಿಸುವ ಅಧಿಕಾರಿಯ ಕಚೇರಿಗೆ ಎಷ್ಟು ಸಲ ಅಲೆಯಬೇಕು? ತಿಂಗಳೊಳಗೆ ಹಣ ಕಟ್ಟದಿದ್ದರೆ ಶೇ 12ರ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಶೇ 50ರವರೆಗೆ ದಂಡ ಎಂದು ಕಾನೂನು ಹೇಳಿದೆ. ಹಣವೇ ಇಲ್ಲದವನಿಂದ ಅದೂ ಬರುವುದಿಲ್ಲ.

ಒಂದೇ ನಿವೇಶನದಲ್ಲಿ ಕೆಲಸ ಮಾಡುವವರು ಪರಸ್ಪರ ದಾವೆ ಹೂಡುತ್ತಾ ಕುಳಿತರೆ ಕಾಮಗಾರಿ ನಿಂತುಹೋಗುತ್ತದೆ ಎಂದು ಕಂಪನಿಗಳು ವಾದಿಸುತ್ತವೆ. ಎಲ್ಲರ ಹೆಸರಿನಲ್ಲೂ ಒಂದೇ ಪಾಲಿಸಿ ಇದ್ದು, ಹಾನಿ ಕಟ್ಟಡಕ್ಕೋ ಸಾಮಗ್ರಿಗೋ ಆದಾಗ ಈ ವಾದವನ್ನು ನಾನು ಒಪ್ಪುತ್ತೇನೆ. ಜೀವ ಹೋದಾಗ ಒಪ್ಪಲಾರೆ. ತನ್ನ ತಪ್ಪಿನ ಬೆಲೆಯನ್ನು ಬೇರೆಯವರ ಪಾಲಿಸಿ ತೆರುತ್ತದೆ ಎಂದು ಮೊದಲೇ ಖಾತ್ರಿಯಾದ ಕಂಪನಿಗೆ ತಡೆಬೇಲಿಗೆ, ಸುರಕ್ಷಾ ಬಲೆಗೆ, ತರಬೇತಾದ ಚಾಲಕನಿಗೆ ಹಣ ಖರ್ಚು ಮಾಡುವ ಒತ್ತಡ ಉಳಿಯುವುದಿಲ್ಲ.

ಈ ಷರತ್ತು ಬಹು ಬಳಕೆಯಲ್ಲಿರುವ ಅಮೆರಿಕದಲ್ಲೇ, ಮಿಸೌರಿ ರಾಜ್ಯವು ನಿರ್ಮಾಣ ಕ್ಷೇತ್ರದ ಕರಾರುಗಳಲ್ಲಿ ಮುಂದೆ ಆಗಬಹುದಾದ ಗಾಯ ಅಥವಾ ಸಾವಿನ ಸಂಬಂಧ ವಸೂಲಿ ಹಕ್ಕನ್ನು ಮುಂಚಿತವಾಗಿ ಬಿಟ್ಟುಕೊಡುವ ಷರತ್ತನ್ನು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಸಾರಿ ಅಸಿಂಧುಗೊಳಿಸಿದೆ. ನಮ್ಮ ಕಾನೂನಿನಲ್ಲಿ ಅಂಥ ಮಾತಿಲ್ಲ. ಕೇಂದ್ರ ಸರ್ಕಾರ ಅದನ್ನು ಕಾನೂನಿಗೆ ಸೇರಿಸಬೇಕು. ಅದಕ್ಕಾಗಿ ಕಾದು ಕೂರದೆ ರಾಜ್ಯ ಸರ್ಕಾರ ತನ್ನ ಲೋಕೋಪಯೋಗಿ ಮತ್ತು ನೀರಾವರಿ ಕಾಮಗಾರಿಗಳ ಟೆಂಡರು ದಾಖಲೆಗಳಲ್ಲೇ, ಮುಖ್ಯ ಗುತ್ತಿಗೆದಾರರು ಉಪಗುತ್ತಿಗೆದಾರರ ಮೇಲೆ ಈ ಷರತ್ತು ಹೇರಬಾರದೆಂದು ವಿಧಿಸಬಹುದು. ಇದಕ್ಕೆ ಹೊಸ ಶಾಸನ ಬೇಕಿಲ್ಲ.

ಅಲ್ಲಿಯವರೆಗೆ ಸಣ್ಣ ಗುತ್ತಿಗೆದಾರರಲ್ಲಿ ನನ್ನ ವಿನಂತಿ: ಸಹಿಗೆ ಮುನ್ನ ಕರಾರಿನ ವಿಮಾ ಪುಟವನ್ನು ನಿಮ್ಮ ವಿಮಾ ಕಂಪನಿಗೆ ತೋರಿಸಿ, ಎಂಡಾರ್ಸ್‌ಮೆಂಟನ್ನು ಬರಹದಲ್ಲಿ ಪಡೆಯಿರಿ, ಅದಕ್ಕಾಗುವ ಹೆಚ್ಚುವರಿ ಪ್ರೀಮಿಯಂ ಅನ್ನು ಷರತ್ತು ಹಾಕಿದ ಕಂಪನಿಯೇ ಭರಿಸಬೇಕೆಂದು ಕರಾರಿನಲ್ಲೇ ಬರೆಸಿ.

– ನಿವೃತ್ತ ವಿಮಾ ಅಧಿಕಾರಿ, ತುಮಕೂರು